ಊರು ಬದಲಿಸಿದರೆ ಋತುಮಾನದ ಅಲರ್ಜಿ ಹೋಗುತ್ತದೆಯೇ?

ಬೇರೆ ಹವಾಮಾನಕ್ಕೆ ಹೋಗಿ ನೆಲೆಸಿದರೆ ಸೀನು, ಕಣ್ಣುರಿ ನಿಲ್ಲುತ್ತವೆಯೇ ಎಂದು ಕೇಳಿದ್ದೀರಿ. ಮೊದಮೊದಲು ನಿಂತಂತೆಯೇ ಕಾಣಬಹುದು. ನಿಮ್ಮ ದೇಹ ಹಗೆಯೆಂದು ಗುರುತಿಟ್ಟುಕೊಂಡ ಪರಾಗ ಅಲ್ಲಿ ಇಲ್ಲದಿದ್ದರೆ ಮೂಗಿಗೆ ಬಿಡುವು. ಆದರೆ ಅಲರ್ಜಿಯ ಗುಣ ಇರುವುದು ನಿಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ. ಗಂಟುಮೂಟೆಯೊಂದಿಗೆ ಅದೂ ಬರುತ್ತದೆ. ಹೊಸ ಪರಾಗವನ್ನು ಕೆಲವು ಋತು ಉಸಿರಾಡಿದ ಮೇಲೆ ಅದರ ವಿರುದ್ಧವೂ ಐಜಿಇ ಪ್ರತಿಕಾಯಗಳು (ಅಲರ್ಜಿಯನ್ನು ಕೆರಳಿಸುವ, ದೇಹವೇ ತಯಾರಿಸುವ ಪ್ರೋಟೀನುಗಳು) ಹುಟ್ಟಿ, ಎರಡನೆಯ ಅಥವಾ ಮೂರನೆಯ ವರ್ಷ ಮತ್ತೆ ಸೀನು ಶುರುವಾಗಬಹುದು. ಹುಲ್ಲಿನ ಪರಾಗವಂತೂ ಬಹುತೇಕ ಎಲ್ಲೆಡೆ ಇದೆ, ಓಡಿ ತಪ್ಪಿಸಿಕೊಳ್ಳುವುದು ಕಷ್ಟ. ದಿಂಬಿನಲ್ಲಿ ಅಡಗಿದ್ದು ಅಲರ್ಜಿ ತರುವ ಧೂಳಿನ ನುಸಿಯ ಕಥೆ ಬೇರೆ: ಅದು ಗಾಳಿಯ ತೇವ ಹೀರಿ ಬದುಕುವ ಜೀವಿ, ತೇವಾಂಶ ಶೇ 50ಕ್ಕಿಂತ ಕಡಿಮೆಯಿದ್ದರೆ ಸೊರಗುತ್ತದೆ; ಹಾಗಾಗಿ ಒಣ ಹವೆಯ ಊರಿನಲ್ಲಿ ಅದರ ಕಾಟ ತಗ್ಗಬಹುದು. ಮನೆ ಬದಲಿಸುವ ಮುನ್ನ, ನಿಮಗೆ ಯಾವುದರ ಅಲರ್ಜಿ ಎಂದು ತಿಳಿಯಲು ಚರ್ಮದ ಪರೀಕ್ಷೆ ಮಾಡಿಸಿ. ಪರಾಗ ಹೆಚ್ಚಿರುವ ತಿಂಗಳಲ್ಲೇ ಹೊಸ ಜಾಗದಲ್ಲಿ ಕೆಲವು ದಿನ ಇದ್ದು ನೋಡಿ.