ಚಾರಣ ಪ್ರಶ್ನೋತ್ತರ: ಕಲ್ಲು ಮಂಟಪದಿಂದ ಹಿಂದಿರುಗಿದ್ದು ತಪ್ಪೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಶಿಕ್ಷಕಿ, ವಯಸ್ಸು 36. ನಮ್ಮ ಯಜಮಾನರಿಗೆ 40. ಎರಡು ವರ್ಷಗಳಿಂದ ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ದರ್ಶನ ಮುಗಿಸಿ, ಸಿಟಿ ಬಸ್ಸಿನಲ್ಲಿ ಇಳಿದು ಬರುವುದು ನಮ್ಮ ರೂಢಿ. ಆ ಧೈರ್ಯದಿಂದಲೇ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಹೊರಟೆವು. ಶನಿವಾರ ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿ ಅಂದೇ ಆಚೆಯ ಬೀಡಹಳ್ಳಿಗೆ ಇಳಿಯುವುದು, ಭಾನುವಾರ ಮಲ್ಲಳ್ಳಿ ಜಲಪಾತ ನೋಡಿ ಊರಿಗೆ ಮರಳುವುದು ನಮ್ಮ ಯೋಜನೆ. ರಾತ್ರಿ ಬಸ್ಸಿನಲ್ಲಿ ನಿದ್ದೆಯಾಗಲಿಲ್ಲ. ಬೆಳಿಗ್ಗೆ ಎಂಟೂವರೆಗೆ ನಡಿಗೆ ಆರಂಭಿಸಿದೆವು. ಅವರ ಬ್ಯಾಗು 16 ಕಿಲೋ, ನನ್ನದು 9. ಆಪತ್ತಿಗಿರಲಿ ಎಂದು ಟೆಂಟು, ಒಲೆ, ಎರಡು ಕಂಬಳಿಗಳನ್ನೂ ಹೊತ್ತಿದ್ದೆವು. ಶಿಖರಕ್ಕೆ ಮುಂಚೆ ದಾರಿಯಲ್ಲಿ ಸಿಗುವ ಕಲ್ಲು ಮಂಟಪ ತಲುಪುವಾಗ ಎರಡೂವರೆ. ನನಗೆ ಉಸಿರು ಹಿಡಿಯುತ್ತಿರಲಿಲ್ಲ, ತಲೆ ಸುತ್ತುತ್ತಿತ್ತು. ಇನ್ನು ಆಗದು ಎಂದೆ. ಕಾಡಿನ ಕೊನೆಯ ಭಾಗವನ್ನು ಮೊಬೈಲ್ ಬೆಳಕಿನಲ್ಲಿ ಇಳಿದೆವು. ಮೂರು ದಿನ ನನಗೆ ಮನೆಯ ಮೆಟ್ಟಿಲು ಇಳಿಯಲಾಗಲಿಲ್ಲ, ಎರಡು ಕಾಲುಗುರುಗಳು ಕಪ್ಪಾದವು. ಅವರು ಬೈಯಲಿಲ್ಲ, ಆದರೆ ಆ ಮಾತೆತ್ತಿದರೆ ಸುಮ್ಮನಾಗುತ್ತಾರೆ. ನಾನು ಹಿಂದಿರುಗಿಸಿದ್ದು ತಪ್ಪೇ? ಎತ್ತರದ ಗಾಳಿ ನನಗೆ ಒಗ್ಗುವುದಿಲ್ಲವೇ? ಮತ್ತೆ ಹೋಗಬಹುದೇ?

ಉತ್ತರ: ತಪ್ಪಲ್ಲ ತಾಯಿ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನೀವು ಕೊಟ್ಟ ಸಮಯವನ್ನೇ ಲೆಕ್ಕ ಹಾಕಿ ನೋಡಿದ್ದೇನೆ, ನಿಮ್ಮ ಯಜಮಾನರಿಗೂ ಓದಿ ಹೇಳಿ.

ಕುಕ್ಕೆ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ, ಕುಮಾರ ಪರ್ವತದ ಶಿಖರ 1,712 ಮೀಟರ್‌ನಲ್ಲಿ. ಅಂದರೆ ಸುಮಾರು 13 ಕಿಲೋಮೀಟರ್ ನಡಿಗೆಯಲ್ಲಿ 1,600 ಮೀಟರ್‌ನಷ್ಟು ಏರಬೇಕು. ನೀವು ಪ್ರತಿ ಭಾನುವಾರ ಏರುವ ಸಾವಿರ ಮೆಟ್ಟಿಲುಗಳನ್ನು ಒಂದೇ ದಿನ, ಬೆನ್ನ ಮೇಲೆ ಹೊರೆ ಇಟ್ಟುಕೊಂಡು, ಸುಮಾರು ಆರು ಬಾರಿ ಏರಿದಷ್ಟು ಅದು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೂ ಅಲ್ಲಿ ರಸ್ತೆಯೇ ಶಿಖರದ ಹತ್ತಿರದವರೆಗೂ ಹೋಗುವುದರಿಂದ ಕುಮಾರ ಪರ್ವತದ ಮುಂದೆ ಅದು ಸುಲಭ. ಶಿಖರದ ಎತ್ತರ ಎಷ್ಟೆಂಬುದಕ್ಕಿಂತ ನಮ್ಮ ಕಾಲು ಎಷ್ಟು ಏರಬೇಕೆಂಬುದನ್ನು ನೋಡಿಯೇ ಚಾರಣವನ್ನು ಯೋಜಿಸಬೇಕು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಒಂದು ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ. ಇದರ ಪ್ರಕಾರ ಕುಕ್ಕೆಯಿಂದ ಶಿಖರಕ್ಕೆ ಐದೂಕಾಲು ಗಂಟೆ ಬೇಕು, ಅದೂ ಪಳಗಿದವರು ಹಗುರವಾಗಿ, ಎಲ್ಲೂ ಕೂರದೆ ನಡೆದರೆ. ಭಾರ ಹೊತ್ತ ಹೊಸಬರಿಗೆ ಇದರ ಒಂದೂವರೆ ಪಟ್ಟು, ಅಂದರೆ ಎಂಟು ಗಂಟೆ ಹಿಡಿಯುವುದು ಸಹಜ. ಎಂಟೂವರೆಗೆ ಹೊರಟ ನೀವು ಶಿಖರ ತಲುಪುವಾಗ ನಾಲ್ಕೂವರೆ, ಆಮೇಲೆ ಬೀಡಹಳ್ಳಿಗೆ ಆರೇಳು ಕಿಲೋಮೀಟರ್ ಇಳಿತ. ಜನವರಿಯಲ್ಲಿ ಆರೂವರೆಯ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆನೆ, ಕಾಟಿಗಳು ಓಡಾಡುವ ಪುಷ್ಪಗಿರಿ ಅಭಯಾರಣ್ಯದೊಳಗೆ, ಅರಿಯದ ಇಳಿಜಾರಿನಲ್ಲಿ, ಮೊಬೈಲ್ ಬೆಳಕನ್ನೇ ನಂಬಿ ನಡೆಯಬೇಕಾಗುತ್ತಿತ್ತು. ಹಿಂದಿರುಗಿದಾಗಲೂ ಕತ್ತಲಾಯಿತು ನಿಜ, ಆದರೆ ಬೆಳಿಗ್ಗೆಯಷ್ಟೇ ನಡೆದು ಬಂದ ದಾರಿ ಅದು.

ಎತ್ತರದ ಗಾಳಿಯ ಸಂದೇಹವನ್ನು ಬಿಟ್ಟುಬಿಡಿ. ಪರ್ವತವ್ಯಾಧಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್‌ಗಿಂತ ಮೇಲೆ. ದಾರಿಯ ನಡುವೆ ಸಿಗುವ ಗಿರಿಗದ್ದೆಯವರೆಗೆ ದಟ್ಟ ಕಾಡಿನ ನೆರಳಿದೆ, ಅದನ್ನು ದಾಟಿದರೆ ಬೋಳು ಹುಲ್ಲುಗಾವಲು. ನೀವು ನಿದ್ದೆಗೆಟ್ಟ ಮೈಯಲ್ಲಿ, 9 ಕಿಲೋ ಹೊತ್ತು, ನಡುಹಗಲಿನ ಬಿಸಿಲಲ್ಲಿ ಆ ಹುಲ್ಲುಗಾವಲನ್ನು ಏರಿದ್ದೀರಿ. ತಲೆ ಸುತ್ತಿದ್ದಕ್ಕೆ ಬಿಸಿಲು, ನೀರು ಮತ್ತು ಉಪ್ಪಿನ ಕೊರತೆಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಆದರೂ ಬೆಟ್ಟದ ಕೆಳಗೆ, ದಿನದ ಕೆಲಸದಲ್ಲಿಯೂ ಹೀಗಾಗುವುದಾದರೆ ಮುಂದಿನ ಚಾರಣಕ್ಕೆ ಮುನ್ನ ವೈದ್ಯರಲ್ಲಿ ರಕ್ತಹೀನತೆ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ಸಿಟಿ ಬಸ್ಸಿನಲ್ಲಿ ಇಳಿದು' ಎಂಬ ಮಾತಿನ ಮೇಲೆ. ನೀವು ಎರಡು ವರ್ಷ ಏರುವುದನ್ನು ಮಾತ್ರ ಕಲಿತಿದ್ದೀರಿ, ಇಳಿಯುವುದನ್ನು ಕಲಿತೇ ಇಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ತಡೆದು ಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯುಗಳಲ್ಲಿ ಆಗ ಸೂಕ್ಷ್ಮವಾದ ಹಾನಿಯಾಗಿ, ಒಂದರಿಂದ ಮೂರು ದಿನಗಳವರೆಗೆ ನೋವು ಏರುತ್ತದೆ. ನಿಮಗಾದದ್ದು ಅದೇ. ವಾರ ಕಳೆದರೂ ಮಂಡಿಯ ಕೀಲಿನಲ್ಲೇ ಚುಚ್ಚುವ ನೋವಿದ್ದರೆ ಮಾತ್ರ ಮೂಳೆತಜ್ಞರನ್ನು ಕಾಣಿ. ಇನ್ನು ಮುಂದೆ ಬೆಟ್ಟದ ಮೆಟ್ಟಿಲುಗಳನ್ನು ಕಾಲ್ನಡಿಗೆಯಲ್ಲೇ ಇಳಿಯಿರಿ. ಮೊದಲ ತಿಂಗಳು ಬರಿಗೈಯಲ್ಲಿ, ಆಮೇಲೆ ಮೂರು ಕಿಲೋ ಬ್ಯಾಗಿನೊಂದಿಗೆ, ಕೊನೆಗೆ ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಎರಡು ಸಲ ಇಳಿಯಿರಿ.

ಉಗುರು ಕಪ್ಪಾದದ್ದು ಶೂವಿನೊಳಗೆ ಪಾದ ಮುಂದಕ್ಕೆ ಜಾರಿ ಬೆರಳು ಬಡಿದಿದ್ದರಿಂದ. ಇಳಿಯಲು ಆರಂಭಿಸುವ ಮುನ್ನ ಒಂದು ಕಲ್ಲಿನ ಮೇಲೆ ಕುಳಿತು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ತಟ್ಟಿ ಶೂವಿನ ಹಿಂಭಾಗಕ್ಕೆ ಕೂರಿಸಿ, ಬೆರಳುಗಳ ಮೇಲಿನ ಲೇಸು ಸಡಿಲವಾಗಿಯೇ ಇರಲಿ ಎಂದು ಬಿಟ್ಟು, ಪಾದದ ಮಣಿಕಟ್ಟಿನ ಹತ್ತಿರದ ಎರಡು ಸುತ್ತುಗಳನ್ನು ಮಾತ್ರ ಬಿಗಿಯಾಗಿ ಎಳೆದು ಕಟ್ಟಿ. ಎರಡು ನಿಮಿಷದ ಈ ಕೆಲಸವನ್ನು ನಾನು ನನ್ನೊಂದಿಗೆ ಬರುವ ಪ್ರತಿಯೊಬ್ಬರಿಂದಲೂ ಮಾಡಿಸುತ್ತೇನೆ.

ಹೊರೆಯ ವಿಷಯದಲ್ಲಿ ನಿಮ್ಮ ಯಜಮಾನರಿಗೆ ಒಂದು ವಿನಂತಿ. ಶಿಖರದ ಮೇಲೆ ಟೆಂಟು ಹಾಕಲು ಅರಣ್ಯ ಇಲಾಖೆ ಅನುಮತಿಸುವುದಿಲ್ಲ, ಕಾಡಿನಲ್ಲಿ ಒಲೆ ಹಚ್ಚುವಂತೆಯೂ ಇಲ್ಲ. ಹಾಗಿರುವಾಗ ಆ ಭಾರ ಯಾವ ಆಪತ್ತಿಗೂ ಒದಗುತ್ತಿರಲಿಲ್ಲ, ತಾನೇ ಆಪತ್ತಾಯಿತು. ಒಂದು ದಿನದ ಚಾರಣಕ್ಕೆ ತಲಾ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣಗಳು, ಚಪಾತಿ ಅಥವಾ ಚಿತ್ರಾನ್ನ, ಕಡಲೆಮಿಠಾಯಿ, ತೆಳುವಾದ ಜಾಕೆಟ್ಟು ಮತ್ತು ಹಣೆಗೆ ಕಟ್ಟುವ ಟಾರ್ಚು ಸಾಕು. ಎಲ್ಲ ಸೇರಿ ಆರು ಕಿಲೋ ಮೀರಬಾರದು.

ಖಂಡಿತ ಮತ್ತೆ ಹೋಗಿ, ಆದರೆ ಮುಂದಿನ ಚಾರಣಕ್ಕೆ ಕೊಡಗಿನ ತಡಿಯಂಡಮೋಳ್ ಇರಲಿ. ಅದು 1,748 ಮೀಟರ್, ಕುಮಾರ ಪರ್ವತಕ್ಕಿಂತ ತುಸು ಎತ್ತರವೇ. ಆದರೆ ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯಿಂದ ಹೊರಟರೆ ಏರಬೇಕಾದದ್ದು ನೀವು ಕೈಹಾಕಿದ್ದ ಏರಿನ ಅರ್ಧಕ್ಕಿಂತ ಕಡಿಮೆ. ಹಿಂದಿನ ರಾತ್ರಿ ಅಲ್ಲೇ ಹತ್ತಿರದಲ್ಲಿ ಉಳಿದು, ನಿದ್ದೆ ಮಾಡಿ, ಆರೂವರೆಗೆ ಹೊರಡಿ. ಎರಡೂ ಕಡೆ ಹೊರಡುವ ಮುನ್ನ ಆನ್‌ಲೈನ್ ಟಿಕೆಟ್ ಮತ್ತು ಆಯಾ ತಿಂಗಳ ನಿರ್ಬಂಧಗಳನ್ನು ನೋಡಿಕೊಳ್ಳಿ. ಮಳೆಗಾಲದಲ್ಲಿಯೂ ಕಾಡ್ಗಿಚ್ಚಿನ ದಿನಗಳಲ್ಲಿಯೂ ದಾರಿ ಮುಚ್ಚಿರಬಹುದು.

ಹಿಂದಿರುಗುವ ಹೊತ್ತನ್ನು ಮನೆಯಲ್ಲಿಯೇ, ಇಬ್ಬರೂ ಕುಳಿತು, ಬರೆದು ನಿಶ್ಚಯಿಸಿಕೊಳ್ಳಿ. ಆ ಹೊತ್ತಾದರೆ ಶಿಖರ ನೂರು ಹೆಜ್ಜೆ ದೂರದಲ್ಲಿದ್ದರೂ ತಿರುಗಬೇಕು. ಅದಕ್ಕೂ ಮೊದಲು ಇಬ್ಬರಲ್ಲಿ ಯಾರೇ 'ಸಾಕು' ಎಂದರೂ ಇನ್ನೊಬ್ಬರು ಕಾರಣ ಕೇಳಬಾರದು. ಹೀಗೆ ಮೊದಲೇ ಒಪ್ಪಿಕೊಂಡಿದ್ದರೆ ಆ ಕಲ್ಲು ಮಂಟಪದಲ್ಲಿ ನಿರ್ಧಾರದ ಭಾರವೆಲ್ಲ ನಿಮ್ಮೊಬ್ಬರ ಮೇಲೆ ಬೀಳುತ್ತಿರಲಿಲ್ಲ, ಅವರಿಗೂ ಈ ಮೌನ ಬೇಕಾಗುತ್ತಿರಲಿಲ್ಲ. ತಡಿಯಂಡಮೋಳ್ ದಾರಿಯಲ್ಲಿ ಮುಂದೆ ನಡೆಯುವವರು ನೀವಾಗಿರಿ. ನಿಮ್ಮ ವೇಗಕ್ಕೆ ಅವರು ಹಿಂದೆ ಬರಲಿ.