ಎಲ್ವಿಸ್‌ಗೂ ಮೊದಲೇ ಹೊರಟ ರೈಲು

ಪ್ರಶ್ನೆ: ಹಳೆಯ ಹಾಡುಗಳ ಸಂಗ್ರಹವೊಂದರಲ್ಲಿ ಲೂಯಿ ಜೋರ್ಡನ್ ಹಾಡಿದ ‘ಚೂ ಚೂ ಚ್‌ಬೂಗಿ’ ಕೇಳಿದೆ. ಕಿವಿಗೆ ಅಪ್ಪಟ ರಾಕ್ ಅಂಡ್ ರೋಲ್. ಆದರೆ ವರ್ಷ 1946 ಎಂದಿದೆ! ಆಗ ರಾಕ್ ಅಂಡ್ ರೋಲ್ ಎಲ್ಲಿತ್ತು?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಮುಂದೆ ರಾಕ್ ಅಂಡ್ ರೋಲ್ ತಾರೆಯಾದ ಎಲ್ವಿಸ್ ಪ್ರೆಸ್ಲಿ ಆ ವರ್ಷ ಇನ್ನೂ 11ರ ಹುಡುಗ. ನೀವು ಕೇಳಿದ್ದು ಜಂಪ್ ಬ್ಲೂಸ್. ಸ್ವಿಂಗ್ ಎಂಬ ಕುಣಿತದ ಜಾಜ್ ನುಡಿಸುವ ದೊಡ್ಡ ಬ್ಯಾಂಡಿನ ಅಬ್ಬರವನ್ನು ಆರೇಳು ಜನರಲ್ಲೇ ಹೊರಡಿಸುವ ಸಂಗೀತ ಅದು. ಆರ್ಕನ್ಸಾದ ಕಪ್ಪು ಕಲಾವಿದ ಜೋರ್ಡನ್ ಅದರ ದೊರೆ.

ಒಮ್ಮೆ ತಾಳ ಹಾಕಿಕೊಂಡು ಕೇಳಿ. ಪ್ರತಿ ಪೆಟ್ಟಿಗೂ ‘ತಕಿಟ’ ಹೇಳಿ, ನಡುವಿನ ‘ಕಿ’ಯನ್ನು ನುಂಗಿಬಿಡಿ. ಉಳಿಯುವ ‘ತಾ–ಟ, ತಾ–ಟ’ ಎಂಬ ಕುಂಟು ಓಟವೇ ಷಫಲ್. ಹಳಿಯ ಸಂದು ದಾಟುವ ಗಾಲಿಯ ಸದ್ದೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ‘ಚೂ ಚೂ’ ಎಂದು ರೈಲಿನ ಸದ್ದನ್ನೇ ಹೆಸರಾಗಿಸಿಕೊಂಡ ಹಾಡಿಗೆ ಇದಕ್ಕಿಂತ ಒಪ್ಪುವ ನಡೆ ಇಲ್ಲ.

ಕುಣಿಸುವ ಹಾಡಾದರೂ ಕಥೆ ನಿರುದ್ಯೋಗಿಯದು. ಊರು ತಲುಪಿದವನು ಪತ್ರಿಕೆಯಲ್ಲಿ ಕೆಲಸ ಹುಡುಕುತ್ತಾನೆ. ಕೆಲಸ ಕೊಡುವವರಿಗೆ ಬೇಕಾಗಿರುವುದು ಕೈಚಳಕ ಬಲ್ಲವನು. ಪತ್ರಿಕೆ ಇದ್ದಲ್ಲಿಗೇ ವಾಪಸು. ಯುದ್ಧ ಮುಗಿಸಿ ಬಂದ ಸೈನಿಕರು ಕೆಲಸ ಅರಸುತ್ತಿದ್ದ ಕಾಲ ಅದು. ಎಷ್ಟು ಮನೆಗಳಲ್ಲಿ ಇದು ಸ್ವಂತ ಕಥೆಯಾಗಿ ಕೇಳಿಸಿರಬೇಕು! ಕಪ್ಪು ಜನರ ಸಂಗೀತಕ್ಕೆಂದು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಪ್ರಕಟಿಸುತ್ತಿದ್ದ ಪಟ್ಟಿಯಲ್ಲಿ ಹಾಡು 18 ವಾರ ಮೊದಲ ಸ್ಥಾನದಲ್ಲಿತ್ತು.

ಇನ್ನು ನಿಮ್ಮ ಪ್ರಶ್ನೆಯ ತಿರುಳು. ಡೆಕ್ಕಾ ಕಂಪನಿಗಾಗಿ ಇದನ್ನು ಧ್ವನಿಮುದ್ರಿಸಿದ, ರಚನೆಯಲ್ಲೂ ಪಾಲು ಇದ್ದ ನಿರ್ಮಾಪಕ ಮಿಲ್ಟ್ ಗೇಬ್ಲರ್. ಎಂಟು ವರ್ಷಗಳ ಬಳಿಕ, 1954ರ ಏಪ್ರಿಲ್‌ನಲ್ಲಿ, ಗಾಯಕ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ಮುದ್ರಿಸಿದವನೂ ಅವನೇ. ಜೋರ್ಡನ್ ಬ್ಯಾಂಡಿನ ಸ್ವರಗುಚ್ಛಗಳನ್ನು ತಾನೇ ಹಾಡಿ ತೋರಿಸಿ ಹೇಲಿಯ ವಾದಕರಿಂದ ನುಡಿಸುತ್ತಿದ್ದೆ ಎಂದು ಗೇಬ್ಲರ್ ಮುಂದೆ ಹೇಳಿಕೊಂಡ. ಹೇಲಿ ಬಿಳಿಯ; ಅವನ ಹಾಡು ಜಗತ್ತು ಸುತ್ತಿತು. ರಾಕ್ ಅಂಡ್ ರೋಲ್ ಹುಟ್ಟಿದ ಕಥೆ ಹೇಳುವಾಗ ಅನೇಕರು ಅಲ್ಲಿಂದಲೇ ಶುರುಮಾಡುತ್ತಾರೆ, ಜೋರ್ಡನ್ ಹೆಸರು ಬರುವುದೇ ಇಲ್ಲ. ನನಗೆ ಇದು ಇಂದಿಗೂ ನೋವಿನ ಸಂಗತಿ.

ಇನ್ನೊಂದು ಜೋಡಿಯನ್ನೂ ಕೇಳಿ. ಜೋರ್ಡನ್‌ನ 1946ರದ್ದೇ ‘ಏಂಟ್ ದಟ್ ಜಸ್ಟ್ ಲೈಕ್ ಎ ವುಮನ್’ ಹಾಡಿನ ಆರಂಭದಲ್ಲಿ ಕಾರ್ಲ್ ಹೋಗನ್ ಗಿಟಾರ್ ನುಡಿಸಿದ್ದಾನೆ. ಅದು ಮುಗಿದ ಕೂಡಲೇ ರಾಕ್ ಅಂಡ್ ರೋಲ್ ಗಿಟಾರ್ ವಾದಕ ಚಕ್ ಬೆರಿಯ 1958ರ ‘ಜಾನಿ ಬಿ. ಗುಡ್’ ಹಾಕಿ. ಆರಂಭದ ಗಿಟಾರ್ ಹೆಚ್ಚುಕಡಿಮೆ ಅದೇ ಎನಿಸುತ್ತದೆ.