ರೋಡ್ಸ್ ಹಳೆ ಊರು: ಮೇಲಿನಿಂದ ಕೆಳಗೆ ನಡೆಯಿರಿ

ಹಡಗು ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ಐದೇ ಗಂಟೆ ನಿಲ್ಲುತ್ತದೆ, ಅಮ್ಮನಿಗೆ ಮಂಡಿನೋವು, ಹಳೆ ಊರು ನಡೆದು ನೋಡಬಹುದಾ ಅಂತ ಕೇಳಿದ್ದೀರಿ. ಖಂಡಿತ ನೋಡಬಹುದು. ಆದರೆ ಎಲ್ಲರ ಹಾಗೆ ಬಂದರಿನಿಂದ ಹತ್ತಿಕೊಂಡು ಹೋಗಬೇಡಿ. ಟ್ಯಾಕ್ಸಿಯಲ್ಲಿ ಸೀದಾ ಹಳೆ ಊರಿನ ಕೋಟೆಗೋಡೆಯ ದಾಂಬ್ವಾಜ್ ಬಾಗಿಲಿಗೆ ಹೋಗಿ. ಹಿಂದೆ ಊರು ಆಳಿದ ಕ್ರೈಸ್ತ ಯೋಧರ ಮುಖ್ಯಸ್ಥ, ಅಂದರೆ ಗ್ರ್ಯಾಂಡ್ ಮಾಸ್ಟರ್, ಇದ್ದ ಅರಮನೆ ಅಲ್ಲೇ ಹತ್ತಿರ. ಅಲ್ಲಿಂದ ಮುಂದೆ ಇಳಿಜಾರು.

ಅರಮನೆ 1856ರಲ್ಲಿ ಮದ್ದುಗುಂಡು ಸಿಡಿದು ಹಾಳಾಗಿತ್ತು. ಈಗಿರುವುದು ಇಟಲಿಯವರು ಮತ್ತೆ ಕಟ್ಟಿಸಿದ್ದು. ಮೆಟ್ಟಿಲು ಇವೆ, ಅಮ್ಮನಿಗೆ ಕಷ್ಟ ಅನ್ನಿಸಿದರೆ ಬಿಟ್ಟುಬಿಡಿ.

ನೈಟ್‌ಗಳ ಬೀದಿ ಮಾತ್ರ ಬಿಡಬೇಡಿ. 1309ರಿಂದ 1522ರವರೆಗೆ, ಅಂದರೆ ಆಟೊಮನ್ ತುರ್ಕರ ಸುಲ್ತಾನ ಸುಲೇಮಾನ್ ಗೆಲ್ಲುವ ತನಕ, ಊರು ಆ ಕ್ರೈಸ್ತ ಯೋಧರ, ಅಂದರೆ ಸೇಂಟ್ ಜಾನ್ ಪಂಗಡದ ನೈಟ್‌ಗಳ ಕೈಯಲ್ಲಿತ್ತು. ಒಂದೊಂದು ನುಡಿಯವರಿಗೆ ಒಂದೊಂದು ಛತ್ರ ಇತ್ತು. ಫ್ರಾನ್ಸಿನವರ ಛತ್ರದ ಮುಂದೆ ನಿಂತು ತಲೆ ಎತ್ತಿ ನೋಡಿ. ಮಳೆನೀರು ಬೀಳುವ ಕಲ್ಲಿನ ತೂಬುಗಳಿಗೆ ಮೊಸಳೆ ಮೂತಿ ಇದೆ!

ನೆಲದ ವಿಷಯ ಮುಖ್ಯ. ಗುಂಡುಕಲ್ಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಹಾಸಿದ್ದಾರೆ. ಕಾಲು ಹೊರಳುತ್ತದೆ, ತೆಳು ಚಪ್ಪಲಿಯಾದರೆ ಪಾದಕ್ಕೆ ಒತ್ತುತ್ತದೆ. ದಪ್ಪ ಅಟ್ಟೆಯ ಶೂ ಹಾಕಿಸಿ.

ಸಾಕ್ರಟೀಸ್ ಬೀದಿಯಲ್ಲಿ ಬರೀ ಅಂಗಡಿಗಳು, ಸುಮ್ನೆ ದಾಟಿಬಿಡಿ. ಆ ಸಮಯವನ್ನು ಯಹೂದಿ ಕೇರಿಗೆ ಕೊಡಿ. 1577ರ ಕಹಾಲ್ ಶಾಲೋಮ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಅಲ್ಲಿದೆ, ಬಂದರಿಗೂ ಹತ್ತಿರ. ಶನಿವಾರ ಬಾಗಿಲು ಹಾಕಿರುತ್ತಾರೆ. ನಿಮ್ಮ ಹಡಗು ಯಾವ ವಾರ ಬರುತ್ತದೆ, ನೋಡಿಕೊಳ್ಳಿ.